ಹುಳು ಹೆಚ್ಚು ಸಿಕ್ಕಿದಲ್ಲಿ ವೈವಿಧ್ಯವೂ ಹೆಚ್ಚೇ?

ಪ್ರಶ್ನೆ: ಒಂದೇ ತೊರೆಯ ಮೂರು ಕಡೆ ಬಲೆ ಹಾಕಿ ಜಲಕೀಟಗಳನ್ನು ಎಣಿಸಿದೆವು. ಮೇಲ್ಭಾಗದಲ್ಲಿ 11 ಬಗೆಯ 64 ಹುಳು, ನಡುವೆ 8 ಬಗೆಯ 90, ಚರಂಡಿ ನೀರು ಸೇರಿದ ನಂತರ 4 ಬಗೆಯ 230 ಸಿಕ್ಕವು. ಕೆಳಗೇ ವೈವಿಧ್ಯ ಹೆಚ್ಚು ಎನ್ನಬಹುದೇ? ಮೇಲೆ ಕಲ್ಲುಗಳ ನಡುವೆ, ಕೆಳಗೆ ಮಡುವಿನಲ್ಲಿ ಹಿಡಿದಿದ್ದೇವೆ.

ಉತ್ತರ: ಇಲ್ಲ. ಹುಳುಗಳ ಸಂಖ್ಯೆ ಬೇರೆ, ವೈವಿಧ್ಯ ಬೇರೆ. 100 ಹುಳುಗಳಲ್ಲಿ ಐದು ಬಗೆ ತಲಾ 20 ಇದ್ದರೆ ಶಾನನ್ ಸೂಚ್ಯಂಕ (ಎಷ್ಟು ಬಗೆ ಇವೆ, ಅವು ಎಷ್ಟು ಸಮನಾಗಿ ಹಂಚಿವೆ ಎಂಬುದೆರಡನ್ನೂ ಸೇರಿಸಿ ವೈವಿಧ್ಯ ಅಳೆಯುವ ಅಂಕಿ) 1.61. ಅದೇ ಐದು ಬಗೆಯಲ್ಲಿ ಒಂದೇ 96, ಉಳಿದವು ಒಂದೊಂದು ಇದ್ದರೆ 0.22ಕ್ಕೆ ಇಳಿಯುತ್ತದೆ. ಹಾಗೆಂದು ಕೆಳಗೆ ವೈವಿಧ್ಯ ಕುಸಿದದ್ದು ಚರಂಡಿಯಿಂದಲೇ ಎಂದೂ ಈಗಲೇ ಹೇಳುವಂತಿಲ್ಲ. ತೊಡಕಿರುವುದು ನಿಮ್ಮ ಕೊನೆಯ ಸಾಲಿನಲ್ಲಿ. ಕಲ್ಲುಗಳ ಮೇಲೆ ರಭಸದಿಂದ ಹರಿಯುವ ನೀರಿನ ಕೀಟಗಳೇ ಬೇರೆ, ಕೆಸರಿನ ಮಡುವಿನವೇ ಬೇರೆ. ಚೊಕ್ಕಟ ತೊರೆಯಲ್ಲೂ ಈ ಎರಡರ ಪಟ್ಟಿ ಹೊಂದುವುದಿಲ್ಲ.

ಮತ್ತೆ ಹಿಡಿಯಿರಿ. ಮೂರೂ ಕಡೆ ಕಲ್ಲುಹಾಸಿನ ಹರಿವನ್ನೇ ಆರಿಸಿ. ಆಳ, ನೆರಳು, ಕಲ್ಲಿನ ಗಾತ್ರ ಆದಷ್ಟೂ ಒಂದೇ ಇರಲಿ. ಒಂದು ಜಾಗ ಚರಂಡಿಗಿಂತ ಮೇಲೆ, ಒಂದು ಅದರ ನೀರು ಪೂರ್ತಿ ಬೆರೆತ ಮೇಲೆ, ಮತ್ತೊಂದು ಇನ್ನೂ ಕೆಳಗೆ. ಅರ್ಧ ಮಿಲಿಮೀಟರ್ ಕಣ್ಣಿನ ಬಲೆಯ ಬಾಯನ್ನು ಹರಿವಿಗೆ ಎದುರಾಗಿ ನೆಲಕ್ಕೊತ್ತಿ ಹಿಡಿದು, ಅದರ ಮುಂದಿನ 30 ಸೆಂ.ಮೀ. ಚೌಕವನ್ನು ಕಾಲಿನಿಂದ ಒಂದು ನಿಮಿಷ ಕದಡಿ, ಕಲ್ಲುಗಳನ್ನು ಬಲೆಯ ಬಾಯಲ್ಲೇ ಉಜ್ಜಿ. ಪ್ರತಿ ಜಾಗದಲ್ಲಿ ಕನಿಷ್ಠ ಮೂರು ಸಲ, ಬೇರೆ ಬೇರೆ ಚೌಕದಲ್ಲಿ ಮಾಡಿ, ಬೇರೆ ಬೇರೆ ಡಬ್ಬಿಗೆ ಹಾಕಿ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ಒಂದೇ ಜಾಗದೊಳಗಿನ ಏರುಪೇರು ಎಷ್ಟೆಂದು ತಿಳಿಯದು. ಕೆಲಸವನ್ನು ಕೆಳಗಿನ ಜಾಗದಿಂದ ಆರಂಭಿಸಿ ಮೇಲಕ್ಕೆ ಹೋಗಿ. ಇಲ್ಲದಿದ್ದರೆ ನೀವೇ ಕದಡಿದ ಕೆಸರೂ ಕಿತ್ತುಬಂದ ಹುಳುಗಳೂ ಮುಂದಿನ ಬಲೆಗೆ ಬೀಳುತ್ತವೆ. ಪ್ರವಾಹ ಬಂದುಹೋದ ಬೆನ್ನಲ್ಲೇ ಇಳಿಯಬೇಡಿ, ತಳವೇ ತೊಳೆದುಹೋಗಿರುತ್ತದೆ.

ಹಿಡಿದದ್ದನ್ನು ಜೀವಂತ ಒಂದೇ ಡಬ್ಬಿಯಲ್ಲಿಟ್ಟರೆ ಏರೋಪ್ಲೇನ್ ಚಿಟ್ಟೆಯ ಮರಿಗಳು ಉಳಿದವನ್ನು ತಿಂದು ನಿಮ್ಮ ಲೆಕ್ಕವನ್ನೂ ತಿನ್ನುತ್ತವೆ! ಸ್ಥಳದಲ್ಲೇ 70–80 ಶೇಕಡಾ ಆಲ್ಕೋಹಾಲ್‌ಗೆ ಹಾಕಿ. ಒದ್ದೆ ಎಲೆ, ಹುಳುಗಳಿಂದ ಅದು ತೆಳುವಾಗುವುದರಿಂದ ಮರುದಿನ ಬದಲಿಸಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಡಬ್ಬಿಯ ಒಳಗೇ ಇಡಿ. ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.

ಇನ್ನು ಆ 230 ಯಾವ ಹುಳು ಎಂದು ನೋಡಿ. ಹೆಚ್ಚಿನವು ಕೆಂಪು ಕೈರೊನೊಮಿಡ್ (ಸೊಳ್ಳೆಯಂತೆ ಕಂಡರೂ ಕಚ್ಚದ ಕೀಟ) ಮರಿಗಳಾಗಿದ್ದರೆ ಅದು ಆಮ್ಲಜನಕ ಕಡಿಮೆ ಇರುವುದರ ಸುಳಿವು. ಅವುಗಳ ಕೆಂಪು ಹಿಮೋಗ್ಲೋಬಿನ್‌ನದು. ಕೊಳೆತ ಕೆಸರಲ್ಲೂ ಅವು ಬದುಕುತ್ತವೆ.

ಪ್ರಶ್ನೆ: ಮೂರು ಬಾಲ ಇದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ ಎಂದು ಎಣಿಸಿದ್ದೇವೆ. ಸಾಕೇ?

ಉತ್ತರ: ಸಾಲದು. ಎರಡೂ ನೀರಿನಲ್ಲಿ ಮರಿಯಾಗಿ ಬೆಳೆದು ರೆಕ್ಕೆ ಪಡೆಯುವ ಕೀಟಗಳೇ. ಎರಡೇ ಬಾಲದ ಮೇಫ್ಲೈಗಳಿವೆ, ಬಲೆಯಲ್ಲಿ ಬಾಲ ಮುರಿಯುವುದೂ ಉಂಟು. ಭೂತಗನ್ನಡಿಯಲ್ಲಿ ಕಾಲ ತುದಿ ನೋಡಿ: ಮೇಫ್ಲೈ ಮರಿಗೆ ಒಂದೊಂದು ಕಾಲಿಗೆ ಒಂದೇ ಉಗುರು, ಸ್ಟೋನ್‌ಫ್ಲೈಗೆ ಎರಡು. ಮೇಫ್ಲೈಯ ಕಿವಿರುಗಳು ಹೊಟ್ಟೆಯ ಪಕ್ಕದಲ್ಲಿರುತ್ತವೆ. ಏರೋಪ್ಲೇನ್ ಚಿಟ್ಟೆಯ ಸಣಕಲು ಬಂಧು ಡ್ಯಾಮ್ಸೆಲ್‌ಫ್ಲೈಯ ಮರಿಗೂ ಹಿಂದೆ ಮೂರು ಎಲೆಯಂಥವು ಕಾಣುತ್ತವೆ. ಅವು ಬಾಲವಲ್ಲ, ಕಿವಿರು. ಬೇಟೆಗೆ ಮುಂದಕ್ಕೆ ಚಾಚುವ ಕೆಳತುಟಿ ಮುಖದಡಿ ಮಡಚಿದ್ದರೆ ಅನುಮಾನವೇ ಬೇಡ.