ಆ ಬಾಲದ ಕತೆಯನ್ನು ಬರೆಯಿರಿ

ಪ್ರಿಯರೇ,

‘ಕಂಪ್ಯೂಟರಿನಲ್ಲಿ ಹುಟ್ಟುವ ಜೀವ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಪಕ್ಕಕ್ಕಿಡಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಈ ಉದ್ದನೆಯ ಪತ್ರ.

ಜೀನುಗಳ ಜೋಡಣೆಯನ್ನು ಮೊದಲು ಗಣಿತದಲ್ಲಿ ರೂಪಿಸಿ, ಆಮೇಲೆ ಜೀವಕೋಶದೊಳಗೆ ಕಟ್ಟುವ ಸಿಂಥೆಟಿಕ್ ಬಯಾಲಜಿಯ ಬಗೆಯನ್ನು ಹೇಳಲು ಹೊರಟಿದ್ದೀರಿ. ಆದರೆ ಮೊದಲ ಎರಡು ಪುಟಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ, ಇಂಧನ, ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ಸಾಲಾಗಿ ಬಂದು ಹೋಗುತ್ತವೆ, ಒಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆ ಪುಟಗಳನ್ನು ಪೂರ್ತಿ ತೆಗೆಯಿರಿ. ‘ಕೋಡ್ ಬರೆದರೆ ಸಾಕು, ಜೀವಕೋಶ ಹೇಳಿದಂತೆ ಕೇಳುತ್ತದೆ’ ಎಂದು ಬರೆದಿದ್ದೀರಿ. ಅದು ನಿಜವಲ್ಲ. ನೀವೇ ಹೆಸರಿಸಿರುವ ‘ಚೆಲ್ಲೊ’ ತಂತ್ರಾಂಶವನ್ನೇ ನೋಡಿ. ಎಂಐಟಿಯ ಕ್ರಿಸ್ಟೋಫರ್ ವಾಯ್ಟ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಇದು, ಚಿಪ್ ವಿನ್ಯಾಸಕರು ಬಳಸುವ ವೆರಿಲಾಗ್ ಭಾಷೆಯಲ್ಲಿ ಬರೆದದ್ದನ್ನು ಡಿಎನ್‌ಎ ಸರಣಿಯಾಗಿ ಮಾರ್ಪಡಿಸುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾಕ್ಕಾಗಿ ಅದು ರೂಪಿಸಿಕೊಟ್ಟ 60 ಸರ್ಕಿಟ್‌ಗಳಲ್ಲಿ, ಅಂದರೆ ಒಂದನ್ನೊಂದು ನಿಯಂತ್ರಿಸುವ ಜೀನುಗಳ ಜೋಡಣೆಗಳಲ್ಲಿ, 45 ಮಾತ್ರ ಎಲ್ಲ ಸ್ಥಿತಿಗಳಲ್ಲೂ ಸರಿಯಾಗಿ ನಡೆದವು. ದೊಡ್ಡ ಸಾಧನೆಯೇ ಹೌದು. ಆದರೆ ಉಳಿದ 15ರ ಗತಿಯೇನು ಎಂದು ಕೇಳದ ಲೇಖಕರನ್ನು ಓದುಗರು ಏಕೆ ನಂಬಬೇಕು?

ನಿಮ್ಮ ಬರಹಕ್ಕೆ ಕಳೆ ಬರುವುದು ನಾಲ್ಕನೆಯ ಪುಟದಲ್ಲಿ, ರಿಪ್ರೆಸಿಲೇಟರ್ ಬಂದಾಗ. ಪ್ರಿನ್ಸ್‌ಟನ್ನಿನ ಮೈಕೆಲ್ ಎಲೊವಿಟ್ಸ್ ಮತ್ತು ಸ್ಟಾನಿಸ್ಲಾಸ್ ಲೈಬ್ಲರ್ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ ಸರ್ಕಿಟ್ ಅದು. ಮೂರು ಜೀನುಗಳು. ಮೊದಲನೆಯದರ ಪ್ರೊಟೀನು ಎರಡನೆಯ ಜೀನನ್ನು ಅದುಮುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು. ಹಾಗಾಗಿ ಮೂರರ ಮಟ್ಟವೂ ಸರದಿಯಲ್ಲಿ ಏರಿಳಿಯುತ್ತದೆ. ಇದು ಕಣ್ಣಿಗೆ ಕಾಣಲೆಂದು ಹಸಿರಾಗಿ ಹೊಳೆಯುವ ಇನ್ನೊಂದು ಪ್ರೊಟೀನನ್ನೂ ಸೇರಿಸಿದ್ದರಿಂದ, ಜೀವಕೋಶ ಹಸಿರಾಗಿ ಹೊಳೆದು ಮಂಕಾಗುತ್ತದೆ. ಇದನ್ನು ಚೆನ್ನಾಗಿ ಹೇಳಿದ್ದೀರಿ.

ಆದರೆ ‘ಕೆಲವು ಮಾರ್ಪಾಡುಗಳನ್ನು ಮಾಡಿದರು’ ಎಂದು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿರಲ್ಲ, ಕತೆ ಇರುವುದೇ ಅಲ್ಲಿ. ಪ್ರೊಟೀನುಗಳು ಬಹುಕಾಲ ಉಳಿದರೆ ಏರಿಳಿತ ನಿಂತು ಮಟ್ಟಸವಾಗಿಬಿಡಬಹುದು ಎಂದು ಅವರ ಸಮೀಕರಣಗಳು ಹೇಳಿದವು. ಆದ್ದರಿಂದ ಪ್ರತಿ ಪ್ರೊಟೀನಿಗೂ ಒಂದು ಗಿಡ್ಡ ಬಾಲವನ್ನು ಜೋಡಿಸಿದರು. ಆ ಬಾಲವನ್ನು ಕಂಡರೆ ಜೀವಕೋಶದ ಕಿಣ್ವಗಳು ಪ್ರೊಟೀನನ್ನು ಬೇಗನೆ ಕತ್ತರಿಸಿಹಾಕುತ್ತವೆ. ಕಾಗದದ ಮೇಲಿನ ಲೆಕ್ಕ ಪ್ರಯೋಗಶಾಲೆಯ ಕೈಗೆ ಕೆಲಸ ಹೇಳಿಕೊಟ್ಟ ಕ್ಷಣ ಅದು!

ಸರ್ಕಿಟ್ ನಡೆಯಿತು, ಆದರೆ ತಡವರಿಸುತ್ತಾ ನಡೆಯಿತು. ಒಂದು ಏರಿಳಿತಕ್ಕೆ ಸುಮಾರು 160 ನಿಮಿಷ, ಅದರಲ್ಲೂ 40 ನಿಮಿಷಗಳಷ್ಟು ಹೆಚ್ಚುಕಡಿಮೆ. ಕೋಶ ಅದಕ್ಕಿಂತ ಬೇಗ ಇಬ್ಭಾಗವಾಗುವುದರಿಂದ, ತಾಯಿಕೋಶದ ಅರ್ಧಂಬರ್ಧ ಏರಿಳಿತವನ್ನು ಮರಿಕೋಶಗಳು ಮುಂದುವರಿಸಬೇಕಾಗಿತ್ತು. ಒಂದೇ ತಾಯಿಯ ಮರಿಗಳು ಬೇಗನೆ ಹೆಜ್ಜೆ ತಪ್ಪಿದವು. ಏರಿಳಿತ ಕಾಣಿಸಿದ್ದು ಶೇ. 40ರಷ್ಟು ಕೋಶಗಳಲ್ಲಿ.

ಇನ್ನು 2016ಕ್ಕೆ ಬನ್ನಿ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಹಾರ್ವರ್ಡ್‌ನ ಯೋಹಾನ್ ಪೌಲ್ಸನ್ ಅವರ ತಂಡ ಆ ಬಾಲವನ್ನೇ ತೆಗೆದುಹಾಕಿತು. ಬಾಲವಿರುವ ಪ್ರೊಟೀನುಗಳೆಲ್ಲ ಒಂದೇ ಕಿಣ್ವಕ್ಕಾಗಿ ಪೈಪೋಟಿ ನಡೆಸುತ್ತಿದ್ದವು. ಹಸಿರು ಹೊಳಪನ್ನು ತೋರಿಸಲೆಂದು ಸೇರಿಸಿದ್ದ ಪ್ರೊಟೀನು ಕೂಡ ಆ ನೂಕುನುಗ್ಗಲಿನಲ್ಲಿತ್ತು. ಹಳೆಯ ಸಮೀಕರಣಗಳಲ್ಲಿ ಈ ಪೈಪೋಟಿಗೆ ಜಾಗವಿರಲಿಲ್ಲ. ಬಾಲವಿಲ್ಲದೆ, ಕೋಶ ಬೆಳೆದು ಇಬ್ಭಾಗವಾದಂತೆ ಮಾತ್ರ ಪ್ರೊಟೀನು ತೆಳುವಾಗುತ್ತದೆ. ಇನ್ನಷ್ಟು ತಿದ್ದುಪಡಿಗಳ ನಂತರ ಒಂದು ಏರಿಳಿತಕ್ಕೆ ಸುಮಾರು 14 ತಲೆಮಾರುಗಳೇ ಬೇಕಾದವು. ಆದರೆ ಅದು ಎಷ್ಟು ನಿಖರವಾಗಿತ್ತೆಂದರೆ, ಪರಸ್ಪರ ಯಾವ ಸಂಕೇತವನ್ನೂ ಕೊಟ್ಟುಕೊಳ್ಳದ ಕೋಶಗಳು ಇಡೀ ಫ್ಲಾಸ್ಕಿನಲ್ಲಿ ಒಟ್ಟಿಗೇ ಹೊಳೆದು ಒಟ್ಟಿಗೇ ಮಂಕಾದವು.

ಬಾಲ ಅಂಟಿಸಿದ್ದರಿಂದ ತೆಗೆದುಹಾಕಿದ್ದರವರೆಗೆ, ಇಷ್ಟನ್ನೇ ಬರೆಯಿರಿ. ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎನ್ನುವ ಕಡೆಯಲ್ಲೆಲ್ಲ ಯಾರು, ಎಲ್ಲಿ, ಯಾವಾಗ ಎಂದು ಹೇಳಿ. ಸಮೀಕರಣಗಳು ಬೇಡ, ಲೆಕ್ಕ ಹೇಳಿದ ಏರಿಳಿತ ಮತ್ತು ಕೋಶದಲ್ಲಿ ಕಂಡ ಏರಿಳಿತ ಅಕ್ಕಪಕ್ಕದಲ್ಲಿರುವ ಒಂದು ಚಿತ್ರ ಸಾಕು. 2000ದ ಮೂಲ ಪ್ರಬಂಧ ನಾಲ್ಕೇ ಪುಟ. ಬರೆಯಲು ಕೂರುವ ಮೊದಲು ಅದನ್ನು ಓದಿ. ಸಾವಿರ ಪದಗಳೊಳಗೆ ಮುಗಿಸಿ, ನೇರವಾಗಿ ನನಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ