ಕಣ್ಣು ಊದಿದ ಆಮೆನ ಕೆರೆಗೆ ಬಿಡ್ಬೇಡಿ

ನಿಮ್ಮನೆ ಆಮೆ ಫೋಟೋ ಹಾಕಿ, ಕಣ್ಣು ಊದಿದೆ, ಚಿಪ್ಪು ಮೆತ್ತಗಾಗಿದೆ, ಊಟಕ್ಕೆ ಬರೀ ಒಣ ಸಿಗಡಿ ಹಾಕ್ತಿದ್ದೆ ಅಂದ್ರಲ್ಲ, ಹೆಚ್ಚಾಗಿ ಇದು ವಿಟಮಿನ್ ಎ ಕೊರತೆ, ಜೊತೆಗೆ ಯುವಿಬಿ (ಬಿಸ್ಲಲ್ಲಿರೋ ಒಂದು ಬಗೆ ನೇರಳಾತೀತ ಕಿರಣ) ಬೆಳಕಿಲ್ದೆ ಕ್ಯಾಲ್ಸಿಯಂ ಮೈಗೆ ಹಿಡೀತಿಲ್ಲ. ನಮ್ಮನೆ ಸ್ಲೈಡರ್‌ಗೂ (ಅಂಗಡೀಲಿ ಮಾರೋ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರೋ ನೀರಾಮೆ) ಹಿಂಗೇ ಆಗಿತ್ತು.

ಮೊದ್ಲು ಇವತ್ತೇ ನೀರು ಪೂರ್ತಿ ಬದಲಾಯ್ಸಿ, 26-27 ಡಿಗ್ರಿ ಇರ್ಲಿ. ಆಮೇಲೆ ಅದು ಹತ್ತಿ ಮೈ ಪೂರ್ತಿ ಒಣಗಿಸ್ಕೊಳ್ಳೋಕೆ ಒಂದು ಕಲ್ಲಿಟ್ಟು, ಅಲ್ಲಿ 32 ಡಿಗ್ರಿ ಬರೋ ಹಂಗೆ ಬಲ್ಬು, ಪಕ್ಕದಲ್ಲಿ ಯುವಿಬಿ ಟ್ಯೂಬ್ ಹಾಕಿ, ಕಿಟಕಿ ಗಾಜಿಂದ ಬರೋ ಬಿಸ್ಲು ಲೆಕ್ಕಕ್ಕಿಲ್ಲ ಯಾಕಂದ್ರೆ ಗಾಜು ಯುವಿಬಿನ ತಡೆದುಬಿಡುತ್ತೆ. ಸೋಂಕೂ ಇದ್ಯಾ ಅಂತ ಫೋಟೋ ನೋಡಿ ಹೇಳಕ್ಕಾಗಲ್ಲ, ಸರೀಸೃಪ ನೋಡೋ ಡಾಕ್ಟರ್ ಹತ್ರ ಈ ವಾರನೇ ಹೋಗಿ. ಬಾಯಿ ತೆಗೆದು ಉಸಿರಾಡ್ತಿದ್ರೆ, ಒಂದ್ಕಡೆ ವಾಲಿ ಈಜ್ತಿದ್ರೆ ಇವತ್ತೇ ಹೋಗಿ. ವಿಟಮಿನ್ ಎ ನೀವೇ ಕೊಡ್ಬೇಡಿ, ಡೋಸ್ ಜಾಸ್ತಿಯಾದ್ರೆ ಚರ್ಮ ಸುಲಿಯುತ್ತೆ. ತಿನ್ನಕ್ಕೆ ಶುರು ಮಾಡಿದ್ಮೇಲೆ ಆಮೆ ಪೆಲೆಟ್ (ಆಮೆಗಂತಲೇ ಮಾಡಿದ ಉಂಡೆ ಆಹಾರ), ಕ್ಯಾರೆಟ್ ತುರಿ, ಸೊಪ್ಪು ಕೊಡಿ. ಮುಟ್ಟಿದ್ಮೇಲೆ ಸೋಪಲ್ಲಿ ಕೈ ತೊಳೀರಿ, ಆಮೆ ಮೈಮೇಲೆ ಸಾಲ್ಮೊನೆಲ್ಲಾ ಅನ್ನೋ, ಭೇದಿ ತರೋ ಬ್ಯಾಕ್ಟೀರಿಯಾ ಇರುತ್ತೆ.

ಸಾಕೋದೇ ಹಿಂಸೆ, ಕೆರೆಗೆ ಬಿಟ್ಬಿಡು ಅಂದ್ರಂತಲ್ಲ ನಿಮ್ಮ ಫ್ರೆಂಡು. ಕೊಳ್ಳಬಾರ್ದಿತ್ತು ಅನ್ನೋದನ್ನ ನಾನೂ ಒಪ್ತೀನಿ, ಆದ್ರೆ ಅಮೆರಿಕ ಮೂಲದ ಈ ಸ್ಲೈಡರ್ ಆಮೆ ಕೆರೆಗೆ ಹೋದ್ರೆ ಇಲ್ಲಿನ ಆಮೆಗಳ ಊಟ, ಜಾಗ ಎಲ್ಲಾ ಕಿತ್ಕೊಳ್ಳುತ್ತೆ, ಅದೂ ಹಿಂಸೆನೇ. ನಿಮ್ಮದು ಸ್ಲೈಡರ್ರೇನಾ ಅಂತ ತಿಳಿಯೋಕೆ ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದ್ಯಾ ನೋಡಿ. ಇಲ್ದೆ ಚಿಪ್ಪಿನ ಮೇಲೆ ನಕ್ಷತ್ರದ ಗೆರೆ ಇದ್ರೆ ಅದು ನಕ್ಷತ್ರ ಆಮೆ, ಮನೇಲಿ ಇಟ್ಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದು ನೆಲದ ಆಮೆ, ನೀರಿಗೂ ಹಾಕ್ಬೇಡಿ, ಕೂಡ್ಲೆ ಅರಣ್ಯ ಇಲಾಖೆಗೆ ಫೋನ್ ಮಾಡಿ.