ಮಗಳಿಗೆ ರಕ್ತದ ಕ್ಯಾನ್ಸರ್, ಹುಬ್ಬಳ್ಳಿಯಲ್ಲಿ ಅಡ್ಮಿಟ್. ವಾರ್ಡಿನ ಪಾಲಕರ ವಾಟ್ಸಾಪ್ ಗ್ರೂಪಿಗೆ ಸೇರಿದರೆ ಹೆದರಿಕೆ ಹೆಚ್ಚಾಗುತ್ತದಾ?

ಗದಗದಿಂದ ಬಂದು ಅಂಥದ್ದೇ ವಾರ್ಡಿನಲ್ಲಿ ಮಗನ ಮಂಚದ ಬದಿಗೆ ಚಾಪೆ ಹಾಸಿ ಮಲಗಿದವನು ನಾನು. ಗ್ರೂಪಿಗೂ ಸೇರಿದ್ದೆ.

ಕೀಮೋ ಹಾಕಿಸಿಕೊಂಡು ಮನೆಗೆ ಬಂದ ಎಂಟನೇ ದಿನ, ರಾತ್ರಿ ಒಂಬತ್ತಕ್ಕೆ ಥರ್ಮಾಮೀಟರ್ 100.8 ತೋರಿಸಿತು. ವಾರ್ಡಿಗೆ ಫೋನ್ ಮಾಡುವುದು ಬಿಟ್ಟು ಗ್ರೂಪಿನಲ್ಲಿ ಕೇಳಿದೆ. ‘ನಮ್ಮ ಹುಡುಗಗೂ ಹಿಂಗ ಆಗಿತ್ರಿ, ಪ್ಯಾರಾಸಿಟಮಾಲ್ ಕೊಡ್ರಿ, ಮುಂಜಾನೆ ಹೋದ್ರ ನಡೀತದ’ ಅಂದರು. ಕೊಟ್ಟೆ. ಮೈ ತಣ್ಣಗಾಯಿತು, ನಾವೂ ಮಲಗಿದೆವು. ಗುಳಿಗೆ ಜ್ವರ ಇಳಿಸಿತ್ತು, ರಕ್ತದೊಳಗಿನ ಸೋಂಕು ಹಾಗೇ ಬೆಳೆಯುತ್ತಿತ್ತು. ನಸುಕಿನ ಐದಕ್ಕೆ ನಡುಕ, ಹಲ್ಲು ಕಟಕಟ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಬಿ.ಪಿ. ಬಿದ್ದಿತ್ತು. ಒಂಬತ್ತು ದಿನ ಐಸಿಯು.

ಹೇಳಿದವರು ಸುಳ್ಳು ಹೇಳಿರಲಿಲ್ಲ. ಅವರ ಹುಡುಗನಿಗೆ ಜ್ವರ ಬಂದಾಗ ಕೌಂಟ್, ಅಂದರೆ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ, ಸಾಕಷ್ಟಿತ್ತು, ನಮ್ಮವನಿಗೆ ಇರಲಿಲ್ಲ. ರಿಪೋರ್ಟಿನಲ್ಲಿ ಒಟ್ಟು ಬಿಳಿ ರಕ್ತಕಣ 1,200, ನ್ಯೂಟ್ರೋಫಿಲ್ ಶೇ. 20. ಗುಣಿಸಿದರೆ 240. ಅದು 500ರ ಕೆಳಗಿದ್ದರೆ ಮೈಗೆ ಕಾವಲಿಲ್ಲ ಅಂತಲೇ ಲೆಕ್ಕ. ಕೀಮೋ ನಡೆದ ಮಗುವಿಗೆ 100.4 ಬಂತೋ, ಗುಳಿಗೆ ಕೊಡದೆ ವಾರ್ಡಿಗೆ ಫೋನ್ ಮಾಡಿ ಗಾಡಿ ಹತ್ತಿ. ಆಸ್ಪತ್ರೆ ಮುಟ್ಟಿದ ಒಂದು ತಾಸಿನೊಳಗೆ ಆ್ಯಂಟಿಬಯಾಟಿಕ್ ನರಕ್ಕೆ ಹೋಗಬೇಕು. ಚೀಟಿ ಮಾಡಿಸುವ ಕಿಟಕಿಯಲ್ಲೇ ‘ಕೀಮೋ ಮಗು, ಜ್ವರ’ ಅಂತ ಜೋರಾಗಿ ಹೇಳಿ, ನಾಚಿಕೊಂಡು ಪಾಳಿ ಹಚ್ಚಬೇಡಿ.

ಹೆದರಿಕೆ ಗ್ರೂಪಿಗೆ ಸೇರದಿದ್ದರೂ ಇರುತ್ತದೆ. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಸೇರಿ. ಆದರೆ ಜ್ವರ, ಡೋಸ್, ವಾಂತಿ ಬಗ್ಗೆ ಅಲ್ಲಿ ಕೇಳಲೇಬೇಡಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಯಾರು ಕೊಡುತ್ತಾರೆ ಕೇಳಿ. ಅದು ಬಾಳುವುದು ಐದೇ ದಿನ, ಬಹಳ ದಿನ ತೆಗೆದಿಡಲು ಬರುವುದಿಲ್ಲ, ಬೇಕಾದಾಗ ಆಳೇ ಬರಬೇಕು. ಹತ್ತು ಜನರ ಹೆಸರು, ಬ್ಲಡ್ ಗ್ರೂಪ್, ಕೊನೆಗೆ ಕೊಟ್ಟ ತಾರೀಖು ಒಂದು ಹಾಳೆಯಲ್ಲಿ ಇರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕಾಗದಪತ್ರ ನೋಡುವ ಆರೋಗ್ಯಮಿತ್ರರ ಟೇಬಲ್ಲಿಗೆ ಯಾವ ಝೆರಾಕ್ಸ್ ಒಯ್ಯಬೇಕು ಅನ್ನುವುದು ಹಳೇ ಪಾಲಕರಿಗೇ ಬಾಯಿಪಾಠ. ಮಗಳ ಹೆಸರು ರೇಷನ್ ಕಾರ್ಡಿನಲ್ಲಿ ಏರಿದೆಯಾ, ಇವತ್ತೇ ನೋಡಿ.

ಎಂಬತ್ತು ಜನರ ಗ್ರೂಪಿಗಿಂತ, ಮಗುವಿನ ಟ್ರೀಟ್‌ಮೆಂಟ್ ಪೂರ್ತಿ ಮುಗಿಸಿದ ಒಬ್ಬರ ನಂಬರ್ ಇರಲಿ. ನನಗೆ ಸಿಕ್ಕವರು ರಾಣೆಬೆನ್ನೂರಿನ ಒಬ್ಬ ಅಕ್ಕಾರು. ಐಸಿಯು ಹೊರಗೆ ರೊಟ್ಟಿ ಬುತ್ತಿ ಕೈಗಿಟ್ಟು, ನನ್ನ ಫೈಲಿನ ರಟ್ಟಿನ ಮೇಲೆ ಮಾರ್ಕರಿನಿಂದ ವಾರ್ಡಿನ ರಾತ್ರಿ ಡ್ಯೂಟಿ ನಂಬರ್ ಬರೆದು, ಅದರ ಕೆಳಗೆ 100.4 ಅಂತ ಹಾಕಿ ದಪ್ಪಗೆ ಅಡಿಗೆರೆ ಎಳೆದರು. ನಿಮ್ಮ ಫೈಲಿನ ಮೇಲೂ ಬರೆದುಕೊಳ್ಳಿ.